ಕೋಟಿನ ಕುಣಿಕೆ

ಕೋಟಿನ ಕತ್ತುಪಟ್ಟಿಯ ಒಳಗೆ ಬೆರಳುದ್ದದ ಒಂದು ಕುಣಿಕೆ ಇರುತ್ತದೆ, ಗೂಟಕ್ಕೆ ತೂಗುಹಾಕಲು. ಅರವತ್ತಮೂರು ವರ್ಷ ಅದನ್ನು ಗಮನಿಸದೆಯೇ ಬದುಕಿದ್ದ ನನಗೆ ಅದರ ಮಹಿಮೆ ತಿಳಿಸಿಕೊಟ್ಟವರು ಸೇಂಟ್ ಪೀಟರ್ಸ್‌ಬರ್ಗಿನ ಮೂವರು ಅಜ್ಜಿಯರು, ಅದೂ ಒಂದೇ ದಿನದಲ್ಲಿ.

ಕೋವಿಡ್‌ಗೆ ಮುಂಚಿನ ಮಾತು. ಹೆಲ್ಸಿಂಕಿಯಲ್ಲಿರುವ ಮಗಳ ಮನೆಗೆ ಹೋಗಿದ್ದೆವು. ಆಗ ಅಲ್ಲಿ ಸಂಜೆ ಹಡಗು ಹತ್ತಿದರೆ ಬೆಳಿಗ್ಗೆ ರಷ್ಯಾ. ಹಡಗಿನಲ್ಲಿ ಬಂದವರಿಗೆ 72 ಗಂಟೆ ವೀಸಾ ಬೇಡ ಎಂಬ ಅನುಕೂಲ ಬೇರೆ ಇತ್ತು. ಜನವರಿ ಕೊನೆಯಲ್ಲಿ ಟಿಕೆಟ್ ಏಕೆ ಅಷ್ಟು ಅಗ್ಗ ಎಂದು ಯೋಚಿಸುವ ಅಭ್ಯಾಸ ನಮ್ಮ ಮನೆಯಲ್ಲಿ ಯಾರಿಗೂ ಇಲ್ಲ. ನೆವಾ ನದಿ ತಂದು ಸುರಿಯುವ ಸಿಹಿನೀರಿನಿಂದಾಗಿ ಫಿನ್ಲೆಂಡ್ ಕೊಲ್ಲಿಯ ಆ ತುದಿಯಲ್ಲಿ ಉಪ್ಪು ಕಡಿಮೆ, ಸಮುದ್ರ ಬೇಗ ಹೆಪ್ಪುಗಟ್ಟುತ್ತದೆ. ರಾತ್ರಿ ಮಲಗಿದರೆ ಗೋಡೆಯಾಚೆ ಬಿಸಿ ಮರಳಿನಲ್ಲಿ ಕಡಲೆಕಾಯಿ ಹುರಿಯುವ ಸದ್ದು. ಹಡಗು ಹಿಮ ಸೀಳುತ್ತಿತ್ತು. "ಇವರಿಗೆ ಹೊತ್ತುಗೊತ್ತು ಇಲ್ಲವೇ" ಎಂದು ಹೆಂಡತಿ ಯಾರನ್ನೋ ಬೈದು ಮಗ್ಗುಲಾದಳು.

ಬೆಳಿಗ್ಗೆ ಒಂಬತ್ತಕ್ಕೂ ಸರಿಯಾಗಿ ಬೆಳಕಿಲ್ಲ. ಹೊರಗೆ ಮೈನಸ್ 14. ನನ್ನ ಮೈಮೇಲೆ ಅಳಿಯನ ಕೋಟು. ಅವನು ಆರಡಿಯ ಆಳು. ನಾನು ಕೋಟಿನೊಳಗೆ ಬಾಡಿಗೆಗಿದ್ದ ಹಾಗೆ ಇದ್ದೆ.

ಆ ಊರಿನ ಕಟ್ಟಡಗಳೊಳಗೆ ನಮ್ಮ ಏಪ್ರಿಲ್ ಇರುತ್ತದೆ. ಹಾಗಾಗಿ ಬಾಗಿಲಲ್ಲೇ ಕೋಟು ಬಿಚ್ಚಿ 'ಗಾರ್ದಿರೋಬ್'ನಲ್ಲಿ ಒಪ್ಪಿಸಬೇಕು. ನಮ್ಮ ದೇವಸ್ಥಾನದ ಚಪ್ಪಲಿ ಸ್ಟ್ಯಾಂಡ್ ಇದ್ದಂತೆ, ಬಿಲ್ಲೆಯನ್ನೂ ಕೊಡುತ್ತಾರೆ. ಮೊದಲು ಹೋದ ವಸ್ತುಸಂಗ್ರಹಾಲಯದಲ್ಲಿ ಅಜ್ಜಿ ಕೋಟನ್ನು ತಿರುವಿ, ಕತ್ತುಪಟ್ಟಿಯೊಳಗೆ ಬೆರಳಾಡಿಸಿ, ನನ್ನ ಕಡೆ ನೋಡಿದರು. ಕುಣಿಕೆ ಒಂದು ಬದಿ ಕಿತ್ತು ನೇತಾಡುತ್ತಿತ್ತು. "ಪೆತೆಲ್ಕಾ!" ಎಂದರು. ಆಮೇಲೆ ಬಂದ ಮಾತುಗಳಲ್ಲಿ ಒಂದೂ ಅರ್ಥವಾಗಲಿಲ್ಲ, ಆದರೆ ಧಾಟಿ ಗೊತ್ತಿತ್ತು. ಶರ್ಟಿನ ಗುಂಡಿಯಿಲ್ಲದೆ ಶಾಲೆಗೆ ಹೊರಟಾಗ ಅಮ್ಮ ಬೈಯುತ್ತಿದ್ದ ಧಾಟಿ. "ಕೋಟು ನನ್ನದಲ್ಲ ತಾಯಿ" ಎಂದು ಕನ್ನಡದಲ್ಲೇ ಹೇಳಿದೆ. ಅವರು ಕೋಟಿಗೆ ಸೇರಿದ್ದ ಟೊಪ್ಪಿಗೆ ಹಿಡಿದು, ಸತ್ತ ಕೋಳಿಯನ್ನು ತೂಗಿದಂತೆ ತೂಗುಹಾಕಿದರು.

ಮಧ್ಯಾಹ್ನ ನೆವಾ ದಂಡೆಗೆ ಬಂದೆವು. ಪೀಟರ್ ಪಾಲ್ ಕೋಟೆಯಲ್ಲಿ ದಿನವೂ ಹನ್ನೆರಡಕ್ಕೆ ಫಿರಂಗಿ ಹಾರಿಸುತ್ತಾರೆ. ನಾವು ಬೆಚ್ಚಿಬಿದ್ದೆವು, ಊರಿನವರು ಕೈಗಡಿಯಾರ ನೋಡಿಕೊಂಡರು. ಕೋಟೆಗೋಡೆಯ ಕೆಳಗೆ ಹಿಮ ಕೊರೆದ ಕಿಂಡಿಯಿಂದ ನನ್ನದೇ ವಯಸ್ಸಿನ ಒಬ್ಬರು ಚಡ್ಡಿಯಲ್ಲಿ ಮೇಲೆದ್ದು ಬಂದರು. ಇಂಥವರಿಗೆ ಅಲ್ಲಿ 'ಮೊರ್ಷ್' ಎನ್ನುತ್ತಾರೆ, ಅಂದರೆ ವಾಲ್ರಸ್, ಕಡಲಸಿಂಹದ ದೂರದ ನೆಂಟನಾದ ದಂತವುಳ್ಳ ಆ ದೊಡ್ಡ ಪ್ರಾಣಿ. ಅವರ ಕೋಟು ಪಕ್ಕದಲ್ಲೇ ಹಿಮದ ಮೇಲೆ ಬಿದ್ದಿತ್ತು. ಕುಣಿಕೆ ಇದೆಯೇ ಎಂದು ಬಗ್ಗಿ ನೋಡುವಷ್ಟು ನನ್ನ ಬುದ್ಧಿ ಕೆಟ್ಟಿತ್ತು.

ಚಳಿಗಾಲ ಎನ್ನುವುದೂ ಅವರವರ ಲೆಕ್ಕ. ಹದಿನೈದನೆಯ ಶತಮಾನದಲ್ಲಿ ಬೀದರಿನವರೆಗೂ ಬಂದಿದ್ದ ತ್ವೇರ್ ಊರಿನ ವ್ಯಾಪಾರಿ ಅಫನಾಸಿ ನಿಕಿತಿನ್ ನಮ್ಮ ಕಡೆಯ ಮಳೆಗಾಲವನ್ನೇ ಚಳಿಗಾಲವೆಂದು ಬರೆದುಕೊಂಡ: ನಾಲ್ಕು ತಿಂಗಳು, ಹಗಲೂ ರಾತ್ರಿ, ಎಲ್ಲೆಲ್ಲೂ ನೀರು, ಕೆಸರು. ಪಾಪ, ಒದ್ದೆ ಬಟ್ಟೆಯನ್ನು ಎಲ್ಲಿ ತೂಗುಹಾಕಿದನೋ.

ಊಟಕ್ಕೆ ಹೋದಲ್ಲಿ ಎರಡನೆಯ ಅಜ್ಜಿ, ಎರಡನೆಯ "ಪೆತೆಲ್ಕಾ". ಇವರು ತಲೆಯನ್ನೂ ಆಡಿಸಿದರು. ಹೆಂಡತಿಗೆ ಅವಮಾನವಾಯಿತು, ಬೈಸಿಕೊಂಡವನು ನಾನು, ಅವಮಾನ ಅವಳಿಗೆ. ಹೊರಗೆ ಬಂದವಳೇ ಗವಸು ಕಳಚಿ, ಬಳೆಗೆ ಸಿಕ್ಕಿಸಿಕೊಂಡಿದ್ದ ಪಿನ್ನುಗಳಲ್ಲಿ ದೊಡ್ಡದೊಂದನ್ನು ತೆಗೆದು, ಕಿತ್ತ ತುದಿಯನ್ನು ಕೋಟಿಗೆ ಚುಚ್ಚಿ ಕೂರಿಸಿದಳು. ನಾನು ಆ ಚಳಿಯಲ್ಲಿ ತಲೆ ತಗ್ಗಿಸಿ ನಿಂತಿದ್ದೆ. ಅವಳ ಬೆರಳು ಕತ್ತಿಗೆ ತಗುಲಿದಾಗಲೆಲ್ಲ ಹಿಮದ ಕಡ್ಡಿ ಇಟ್ಟಂತಾಗುತ್ತಿತ್ತು.

ಕೊನೆಗೆ ಪ್ರಾಣಿಶಾಸ್ತ್ರ ಸಂಗ್ರಹಾಲಯ. ಮೂರನೆಯ ಅಜ್ಜಿ ಬೆರಳಾಡಿಸಿದರು, ನಿಲ್ಲಿಸಿದರು, ಪಿನ್ನನ್ನು ಬೆಳಕಿಗೆ ಹಿಡಿದು ನೋಡಿದರು. ಬಳಿಕ ನನ್ನನ್ನು ದಾಟಿ ನೇರ ಹೆಂಡತಿಗೆ "ಮೊಲೊದೆಟ್ಸ್" ಎಂದರು. ಭೇಷ್ ಎಂದರ್ಥ. ಒಳಗೆ, 1901ರಲ್ಲಿ ಸೈಬೀರಿಯಾದ ಬೆರೆಜೊವ್ಕಾ ನದಿಯ ಬಳಿ ಹೆಪ್ಪುನೆಲದಿಂದ ಅಗೆದು ತೆಗೆದ ಮ್ಯಾಮತ್, ಅಂದರೆ ಮೈತುಂಬ ಕೂದಲಿದ್ದ ಪ್ರಾಚೀನ ಆನೆ, ತನ್ನದೇ ತೊಗಲಿನಲ್ಲಿ ಕುಕ್ಕರಿಸಿತ್ತು. ಇಡೀ ಪೀಟರ್ಸ್‌ಬರ್ಗಿನಲ್ಲಿ ಕೋಟು ಬಿಚ್ಚದೆ ಒಳಗಿರಲು ಅನುಮತಿ ಪಡೆದವನು ಅವನೊಬ್ಬನೇ ಇರಬೇಕು.

ಸಂಜೆ ಐದಕ್ಕೆಲ್ಲ ಕತ್ತಲು, ಮತ್ತೆ ಹಡಗು, ಮತ್ತೆ ಕಡಲೆಕಾಯಿ. ಹೆಲ್ಸಿಂಕಿಯಲ್ಲಿ ಕೋಟು ಹಿಂದಕ್ಕೆ ಕೊಟ್ಟಾಗ ಅಳಿಯ ಪಿನ್ನು ಕಂಡು ಬಿಚ್ಚಲು ಹೋದ.

"ಮುಟ್ಟಬೇಡಪ್ಪ" ಎಂದೆ. "ಅದು ಪಾಸಾಗಿದೆ."