ಸೌಂಡ್ ಅಷ್ಟು ಚೆನ್ನಾಗಿತ್ತಾ?

ಹಳೆಯ ರಾಕ್ ಶೋಗಳನ್ನು ಹರೆಯದಲ್ಲಿ ಕಣ್ಣಾರೆ ಕಂಡವರು ಇಲ್ಲಿ ಬರೆದ ನೆನಪುಗಳನ್ನು ಓದಿ ಖುಷಿಯಾಯಿತು. ಆದರೆ ‘ಆಗಿನ ಸೌಂಡೇ ಸೌಂಡು’ ಅನ್ನುವ ಅವರ ಮಾತನ್ನು ಮಾತ್ರ ಒಪ್ಪುವುದು ಕಷ್ಟ.

1965ರಲ್ಲಿ ನ್ಯೂಯಾರ್ಕಿನ ಶೇ ಸ್ಟೇಡಿಯಂನಲ್ಲಿ ಬೀಟಲ್ಸ್ ಬ್ಯಾಂಡ್ ಹಾಡಿದಾಗ ಸುಮಾರು 55,000 ಜನ ಸೇರಿದ್ದರು. ಆ ಕಿರುಚಾಟದಲ್ಲಿ ಹಾಡುವವರಿಗೇ ತಮ್ಮ ದನಿ ಕೇಳಿಸುತ್ತಿರಲಿಲ್ಲ. ಈಗಿನ ಹಾಗೆ ಹಾಡುವವರಿಗೆ ತಮ್ಮ ದನಿ ಕೇಳಿಸಲೆಂದು ಕಾಲ ಹತ್ತಿರ ಇಡುವ ಮಾನಿಟರ್ ಸ್ಪೀಕರ್ ಎಲ್ಲಿತ್ತು? ಮುಂದೆ ನಿಂತ ಜೊತೆಗಾರರ ಸೊಂಟ ಅಲ್ಲಾಡುವುದನ್ನು ನೋಡಿಕೊಂಡು ಡ್ರಮ್ಸ್ ಬಾರಿಸುವ ರಿಂಗೋ ತಾಳ ಹಿಡಿಯುತ್ತಿದ್ದರಂತೆ! ಇನ್ನು ಕೊನೇ ಸಾಲಿನಲ್ಲಿ ಕೂತವರ ಗತಿ ಕೇಳಲೇಬೇಡಿ.

ನೋಡಿದ್ದರ ವಿಷಯಕ್ಕೆ ಬಂದರೆ ಅಮೆರಿಕದ ವುಡ್‌ಸ್ಟಾಕ್ ಸಂಗೀತೋತ್ಸವದ ಕಥೆ ಇನ್ನೂ ಮಜಾ. ಗಿಟಾರ್ ವಾದಕ ಜಿಮಿ ಹೆಂಡ್ರಿಕ್ಸ್ ವೇದಿಕೆ ಹತ್ತಿದ್ದು 1969ರ ಆಗಸ್ಟ್ 18, ಸೋಮವಾರ ಬೆಳಿಗ್ಗೆ. ಅಷ್ಟರಲ್ಲಿ ಬಹುಪಾಲು ಜನ ಜಾಗ ಖಾಲಿ ಮಾಡಿದ್ದರು. ಆದರೂ ‘ನಾನೂ ನೋಡಿದೆ’ ಅನ್ನುವವರಿಗೆ ಬರವಿಲ್ಲ, ಅಲ್ವಾ?

ಈ ನೆನಪುಗಳಲ್ಲಿ ನನಗೆ ಇಷ್ಟವಾಗಿದ್ದು ಸಣ್ಣಪುಟ್ಟ ವಿವರಗಳೇ. ಮುಂದೆ ನಿಂತ ಉದ್ದನೆಯವನ ತಲೆ, ಮಾರನೇ ದಿನವೂ ಗುಂಯ್ ಅನ್ನುವ ಕಿವಿ, ಮಡಚಿ ಮಡಚಿ ಹರಿದ ಟಿಕೆಟ್. ಸುಮ್ನೆ ಬ್ಯಾಂಡುಗಳ ಹೆಸರು ಹೇಳುವ ಬದಲು ಅಂಥದ್ದನ್ನೇ ಇನ್ನಷ್ಟು ಬರೆಯಿರಿ.