ಮ್ಯಾಂಟಿಸ್ ಸೀಗಡಿ ಟ್ಯಾಂಕ್ ಕ್ಲೀನ್ ಮಾಡುವುದಿಲ್ಲ: ಒಂದು ಸ್ಪಷ್ಟನೆ

ಹುಬ್ಬಳ್ಳಿ-ಧಾರವಾಡದ ಮೀನು ಸಾಕುವವರ ಗ್ರೂಪ್‌ಗಳಲ್ಲಿ ಒಂದು ಮೆಸೇಜ್ ಓಡಾಡುತ್ತಿದೆ. 'ಮ್ಯಾಂಟಿಸ್ ಸೀಗಡಿಯನ್ನು ಉಪ್ಪುನೀರಿನ ಟ್ಯಾಂಕಿನಲ್ಲಿ ಮೀನು, ಹವಳದ ಜೊತೆ ಬಿಡಿ, ಕಸ ತಿಂದು ಕ್ಲೀನ್ ಇಡುತ್ತದೆ' ಅಂತ. ಇದು ತಪ್ಪು.

ಮ್ಯಾಂಟಿಸ್ ನಾವು ತಿನ್ನುವ ಸೀಗಡಿಯೇ ಅಲ್ಲ, ಅದರ ದೂರದ ನೆಂಟ. ಕಸ ಹೆಕ್ಕುವ ಜೀವಿಯೂ ಅಲ್ಲ, ಪಕ್ಕಾ ಬೇಟೆಗಾರ. ಇವುಗಳಲ್ಲಿ ಮುಖ್ಯವಾಗಿ ಎರಡು ಬಗೆ. ಒಂದು ಮರಳಿನ ಬಿಲದಲ್ಲಿ ಅಡಗಿ ಕೂತು, ಹತ್ತಿರ ಬಂದ ಮೀನನ್ನು ಮುಳ್ಳಿನ ಕೈಯಿಂದ ಹಿಡಿಯುತ್ತದೆ. ಇನ್ನೊಂದು ಗುದ್ದಿ ಏಡಿ, ಬಸವನಹುಳುಗಳ ಚಿಪ್ಪು ಒಡೆಯುತ್ತದೆ. ಅಂಗಡಿಗಳಲ್ಲಿ ಜಾಸ್ತಿ ಕೇಳಿಬರುವ ಬಣ್ಣಬಣ್ಣದ ಪೀಕಾಕ್ ಮ್ಯಾಂಟಿಸ್ ಈ ಎರಡನೇ ಬಗೆಯದು. 2004ರಲ್ಲಿ ವಿಜ್ಞಾನಿಗಳು ಹೈ-ಸ್ಪೀಡ್ ಕ್ಯಾಮೆರಾದಲ್ಲಿ ಅಳೆದಾಗ ಅದರ ಏಟಿನ ವೇಗ ಸೆಕೆಂಡಿಗೆ 23 ಮೀಟರ್‌ವರೆಗೆ ಇತ್ತು. ಅಂದರೆ ಗಂಟೆಗೆ ಸುಮಾರು 80 ಕಿ.ಮೀ., ಅದೂ ನೀರಿನೊಳಗೆ! ಗುದ್ದುವ ಬಗೆಯದು ಅಂತ ಮೀನಿಗೆ ಅಪಾಯವಿಲ್ಲ ಅಂದ್ಕೋಬೇಡಿ, ಸಿಕ್ಕರೆ ಅದನ್ನೂ ಬಿಡುವುದಿಲ್ಲ.

ಹವಳದ ಮಾತು ಅರ್ಧ ನಿಜ. ಅದು ಹವಳ ತಿನ್ನುವುದಿಲ್ಲ. ಆದರೆ ಬಿಲ ತೋಡುತ್ತಾ ಕಲ್ಲು ಸರಿಸಿ, ಸಣ್ಣ ಹವಳಗಳನ್ನು ಉರುಳಿಸಬಹುದು. ಪಾಚಿ ತಿನ್ನಲಿ ಅಂತ ನೀವು ಬಿಟ್ಟ ಬಸವನಹುಳುಗಳಂತೂ ಉಳಿಯೋದು ಕಷ್ಟ.

ಸಾಕಲೇಬೇಕು ಅಂದರೆ ಅದೊಂದಕ್ಕೇ ಬೇರೆ ಟ್ಯಾಂಕ್ ಇಡಿ. ಕೆಲವೊಮ್ಮೆ ಲೈವ್ ರಾಕ್ (ಟ್ಯಾಂಕಿಗೆ ಹಾಕುವ, ಸಮುದ್ರದ ಸಣ್ಣ ಜೀವಿಗಳಿರುವ ಕಲ್ಲು) ಜೊತೆ ಗೊತ್ತಾಗದೆ ಬಂದಿರುತ್ತದೆ. ರಾತ್ರಿ ಟಕ್ ಟಕ್ ಸದ್ದು, ಬೆಳಿಗ್ಗೆ ಒಡೆದ ಚಿಪ್ಪು ಕಂಡರೆ ಅನುಮಾನಪಡಿ. ಹಿಡಿಯಲು ಬರಿಗೈ ಹಾಕಬೇಡಿ.

ಆ ಮೆಸೇಜ್ ನಿಮಗೂ ಬಂದಿದ್ದರೆ ದಯವಿಟ್ಟು ಮುಂದೆ ಕಳಿಸಬೇಡಿ.