ಶಿಕ್ಷೆಯಾಗದ ಹೆಂಗಸರು

ಹಳೇ ಹಾಲಿವುಡ್ ಅಂದ್ರೆ ಗಂಡನಿಗೊಂದು ಮಂಚ, ಹೆಂಡತಿಗೊಂದು ಮಂಚ ತೋರಿಸುವ ಮಡಿವಂತ ಸಿನಿಮಾ ಅಂದುಕೊಂಡವರು 1930ರಿಂದ 1934ರ ನಡುವಿನ ಸಿನಿಮಾಗಳನ್ನು ನೋಡಬೇಕು. ಸಿನಿಮಾಕ್ಕೆ ಆಗಷ್ಟೇ ಮಾತು ಬಂದಿತ್ತು. ತೆರೆಯ ಮೇಲೆ ಏನು ತೋರಿಸಬಹುದು, ಏನು ಕೂಡದು ಎಂದು ಹೇಳುವ ಹೇಸ್ ಕೋಡ್ ಎಂಬ ನಿಯಮಾವಳಿ 1930ರಲ್ಲೇ ಬಂದಿದ್ದರೂ ಯಾರೂ ಅಷ್ಟಾಗಿ ಕ್ಯಾರೇ ಅಂದಿರಲಿಲ್ಲ.

1933ರ 'ಬೇಬಿ ಫೇಸ್' ತಗೊಳ್ಳಿ. ನಟಿ ಬಾರ್ಬರಾ ಸ್ಟಾನ್ವಿಕ್ ಮಾಡಿದ ಲಿಲಿ ಎಂಬ ಹುಡುಗಿಯನ್ನು ಅಪ್ಪನೇ ಗಿರಾಕಿಗಳಿಗೆ ಒಪ್ಪಿಸುತ್ತಿರುತ್ತಾನೆ. ಅವನು ಸತ್ತ ಮೇಲೆ ಅವಳು ನ್ಯೂಯಾರ್ಕ್‌ನ ಬ್ಯಾಂಕ್ ಸೇರಿ, ಒಬ್ಬೊಬ್ಬ ಗಂಡಸನ್ನೂ ಬಳಸಿಕೊಂಡು ಮೇಲೇರುತ್ತಾಳೆ. ಕ್ಯಾಮೆರಾ ಕಟ್ಟಡದ ಹೊರಗಿನಿಂದ ಒಂದೊಂದೇ ಮಹಡಿ ಹತ್ತುತ್ತದೆ. ಎಂಥಾ ಕಿಲಾಡಿತನ ನೋಡಿ!

ನ್ಯೂಯಾರ್ಕ್‌ನ ಸೆನ್ಸಾರ್ ಮಂಡಳಿ ಒಪ್ಪಲಿಲ್ಲ. ಬೂಟು ರಿಪೇರಿ ಮಾಡುವ ಮುದುಕ ಜರ್ಮನ್ ತತ್ವಜ್ಞಾನಿ ನೀಷೆಯ ಪುಸ್ತಕ ಹಿಡಿದು 'ಗಂಡಸರನ್ನು ನೀನೇ ಬಳಸಿಕೋ' ಎಂಬಂಥ ಮಾತು ಹೇಳುತ್ತಾನಲ್ಲ, ಅವನ ಬಾಯಿಗೇ ಒಳ್ಳೇ ದಾರಿ, ಕೆಟ್ಟ ದಾರಿಯ ಉಪದೇಶ ತುರುಕಿದರು. ಮೂಲ ಕಥೆಯ ಕೊನೆಗೆ ಲಿಲಿ ಗಂಡನಿಗಾಗಿ ದುಡ್ಡು ಬಿಡಲು ತಯಾರಾಗುತ್ತಾಳೆ. ಅದೂ ಸಾಲಲಿಲ್ಲ! ಇಬ್ಬರೂ ಇದ್ದದ್ದನ್ನೆಲ್ಲ ಕಳೆದುಕೊಂಡರು, ಗಂಡ ಈಗ ಉಕ್ಕಿನ ಕಾರ್ಖಾನೆಯಲ್ಲಿ ಕೂಲಿ ಎಂದು ಸೇರಿಸಿದರು. ಕತ್ತರಿ ಬೀಳದ ಪ್ರತಿ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ ಸಿಕ್ಕಿದ್ದು 2004ರಲ್ಲಿ.

ನನಗನಿಸುವುದು ಇಷ್ಟು. ತೊಡೆ, ಬೆನ್ನು ಕಂಡದ್ದಕ್ಕಿಂತ ಆ ಹೆಂಗಸರು ಲೆಕ್ಕ ಹಾಕಿ ಬದುಕಿದ್ದೇ ಸೆನ್ಸಾರಿನವರಿಗೆ ಜಾಸ್ತಿ ಚುಚ್ಚಿತು. ಅನಿತಾ ಲೂಸ್ ಚಿತ್ರಕಥೆ ಬರೆದ 'ರೆಡ್ ಹೆಡೆಡ್ ವುಮನ್' (1932) ಚಿತ್ರದಲ್ಲಿ ಜೀನ್ ಹಾರ್ಲೋ ಪಾತ್ರ ಒಂದು ಸಂಸಾರ ಒಡೆಯುತ್ತದೆ, ಗಂಡನಿಗೆ ಗುಂಡು ಹಾರಿಸುತ್ತದೆ. ಕೊನೆಗೆ ಪ್ಯಾರಿಸ್‌ನಲ್ಲಿ ಮುದುಕ ಸಾಹುಕಾರನ ಪಕ್ಕ ಆರಾಮಾಗಿ ಕೂತಿರುತ್ತದೆ. ಕಾರು ಓಡಿಸುವವನೇ ಪ್ರಿಯಕರ!

ಹಾಗಂತ ಸುವರ್ಣಯುಗ ಅಂತೆಲ್ಲ ಹಾಡಿ ಹೊಗಳಬೇಡಿ. 'ಫೀಮೇಲ್' (1933) ನಾಯಕಿ ಕಾರು ಕಾರ್ಖಾನೆಯನ್ನೇ ನಡೆಸುತ್ತಾಳೆ, ಇಷ್ಟವಾದ ನೌಕರರನ್ನು ರಾತ್ರಿ ಮನೆಗೆ ಕರೆಯುತ್ತಾಳೆ. ಕ್ಲೈಮ್ಯಾಕ್ಸಲ್ಲಿ ಮಾತ್ರ ಕಂಪನಿ ಪ್ರಿಯಕರನಿಗೆ ಬಿಟ್ಟು, ಒಂಬತ್ತು ಮಕ್ಕಳನ್ನು ಹೆರುತ್ತೇನೆ ಎನ್ನುತ್ತಾಳೆ! 'ಬೇಬಿ ಫೇಸ್'ನಲ್ಲಿ ಲಿಲಿಯ ಗೆಳತಿ ಚಿಕೋ ಆಗಿ ತೆರೇಸಾ ಹ್ಯಾರಿಸ್ ಎಷ್ಟು ಚೆನ್ನಾಗಿದ್ದಾರೆ. ಆದರೆ ಕಪ್ಪು ಹೆಂಗಸಿಗೆ ಸಿಕ್ಕಿದ್ದು ಕೆಲಸದವಳ ಸಮವಸ್ತ್ರ. ಲಿಲಿ ಎಷ್ಟೇ ಮೇಲೇರಲಿ, ಚಿಕೋಗೆ ಬಡ್ತಿ ಇಲ್ಲ.

1934ರ ಜುಲೈನಿಂದ ಹೇಸ್ ಕೋಡ್ ಜಾರಿ ಮಾಡುತ್ತಿದ್ದ ಜೋಸೆಫ್ ಬ್ರೀನ್ ಕಚೇರಿಯ ಮುದ್ರೆ ಇಲ್ಲದೆ ದೊಡ್ಡ ಸ್ಟುಡಿಯೋಗಳು ಚಿತ್ರ ಬಿಡುವಂತಿರಲಿಲ್ಲ. ಬಿಟ್ಟರೆ 25,000 ಡಾಲರ್ ದಂಡ. ಅಲ್ಲಿಂದ ತಪ್ಪು ಮಾಡಿದವಳು ಒಂದೋ ಅಳಬೇಕು, ಇಲ್ಲವೇ ಸಾಯಬೇಕು. ಇದೇ ಸ್ಟಾನ್ವಿಕ್ 1944ರ 'ಡಬಲ್ ಇಂಡೆಮ್ನಿಟಿ'ಯಲ್ಲಿ ಮತ್ತೆ ಗಂಡಸನ್ನು ಬಳಸಿಕೊಳ್ಳುವ ಹೆಂಗಸಾದರು. ಆ ಸಲ ಗುಂಡು ತಿಂದರು.